ಸಮುದ್ರತಳದ ಪಾಠಾಂತರಗಳು

(ಬಾನುಲಿಯಲ್ಲಿ ಪ್ರಸಾರವಾದ ಭಾಷಣ)

ಇಪ್ಪತ್ತು ಸಾವಿರ ವರ್ಷಗಳ ಹಿಂದೆ ಕಡಲಿನ ನೀರು ಎಷ್ಟು ಬೆಚ್ಚಗಿತ್ತು? ಪ್ರಶ್ನೆ ವಿನೋದಕ್ಕಾಗಿ ಕೇಳಿದಂತೆ ತೋರಬಹುದು. ಆಗ ಉಷ್ಣಮಾಪಕವಿರಲಿಲ್ಲ, ಇದ್ದಿದ್ದರೂ ಬರೆದಿಡಲು ಲಿಪಿಯಿರಲಿಲ್ಲ. ನದಿ ಬತ್ತಿದರೂ ಅದರ ಪಾತ್ರ ಉಳಿಯುತ್ತದೆ, ಮರ ಬಿದ್ದರೂ ಬೊಡ್ಡೆ ಉಳಿಯುತ್ತದೆ. ನೀರಿನ ಬಿಸಿಯಾದರೋ ಸಂಜೆಯ ಹೊತ್ತಿಗೇ ಆರಿಹೋಗುವಂಥದು. ಆದರೂ ಈ ಪ್ರಶ್ನೆಗೆ ಇಂದು ಉತ್ತರವಿದೆ, ಅದೂ ಡಿಗ್ರಿಗಳ ಲೆಕ್ಕದಲ್ಲಿ. ಆ ಉತ್ತರವನ್ನು ಬರೆದಿಟ್ಟಿರುವುವು ಮರಳಿನ ಕಣದಷ್ಟು ಸಣ್ಣವಾದ ಕೆಲವು ಚಿಪ್ಪುಗಳು. ಅವನ್ನು ಓದಲು ಮನುಷ್ಯನು ಕಲಿತ ಬಗೆ ಹೇಗೆ, ಆ ಓದಿನಲ್ಲಿ ಎಲ್ಲೆಲ್ಲಿ ಭಿನ್ನಾಭಿಪ್ರಾಯಗಳೆದ್ದವು ಎಂಬುದು ಇಂದಿನ ನನ್ನ ಮಾತಿನ ವಿಷಯ.

ವಿಜ್ಞಾನ ನನ್ನ ಕ್ಷೇತ್ರವಲ್ಲ. ಹಳಗನ್ನಡದ ಪಾಠ ಹೇಳುತ್ತ, ಓಲೆಗರಿಯ ಪ್ರತಿಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಹೋಲಿಸುತ್ತ ಮೂವತ್ತು ವರ್ಷ ಕಳೆದವನು ನಾನು. ಆದರೆ ಈ ವಿಜ್ಞಾನಿಗಳ ಬರಹಗಳನ್ನು ಓದುತ್ತ ಹೋದಂತೆ ಪರಿಚಿತವಾದ ಕೇರಿಗೇ ಬಂದಂತಾಯಿತು. ಶಿಥಿಲವಾದ ಪ್ರತಿ, ಅನ್ಯಹಸ್ತದ ತಿದ್ದುಪಡಿ, ಎರಡು ಅರ್ಥ ಕೊಡುವ ಒಂದೇ ಪದ, ಹೀಗೆ ಗ್ರಂಥಸಂಪಾದಕನನ್ನು ಕಾಡುವ ತೊಡಕುಗಳೆಲ್ಲ ಅಲ್ಲಿಯೂ ಇವೆ.

ಮೊದಲು ಲಿಪಿಕಾರರ ಪರಿಚಯವಾಗಲಿ. ಇವುಗಳ ಹೆಸರು ಫೊರಾಮಿನಿಫೆರ; ರಂಧ್ರವನ್ನು ಹೊತ್ತವು ಎಂದು ಅದರ ಅರ್ಥ. ಹೆಸರಿಟ್ಟವನು ಫ್ರಾನ್ಸಿನ ಆಲ್ಸೀಡ್ ಡೋರ್ಬಿನ್ಯಿ, 1826ರಲ್ಲಿ. ಕರಾವಳಿಯವರು ಬೊಂಡಾಸ್ ಎನ್ನುವ ಮೃದ್ವಂಗಿಯ ಪುಟ್ಟ ಬಂಧುಗಳಿವು ಎಂದು ಆತ ಭಾವಿಸಿದ್ದ. ಇವು ಒಂದೇ ಜೀವಕೋಶದ ಪ್ರಾಣಿಗಳೆಂದು 1835ರಲ್ಲಿ ದ್ಯುಜಾರ್ಡಿನ್ ತೋರಿಸಿದ. ಇವುಗಳಲ್ಲಿ ನಾಣ್ಯದಷ್ಟು ದೊಡ್ಡವೂ ಇದ್ದುವು: ಈಜಿಪ್ಟಿನ ಪಿರಮಿಡ್ಡುಗಳ ಸುಣ್ಣಕಲ್ಲಿನಲ್ಲಿ ಕಾಣುವ ಚಪ್ಪಟೆ ಬಿಲ್ಲೆಗಳು, ಕಟ್ಟಿದ ಕೂಲಿಯವರು ಉಂಡು ಮಿಕ್ಕ ಬೇಳೆ ಕಲ್ಲಾದದ್ದೆಂಬ ಕಥೆಯನ್ನು ಗ್ರೀಕ್ ಭೂಗೋಳಕಾರ ಸ್ಟ್ರಾಬೊ ದಾಖಲಿಸಿದ್ದಾನೆ. ನಮ್ಮ ಕಥೆಗೆ ಬೇಕಾದವು ಮಾತ್ರ ಗಸಗಸೆಗಿಂತಲೂ ಚಿಕ್ಕವು. ನಮ್ಮ ಕಾಲೇಜಿನ ಭೂವಿಜ್ಞಾನದ ಅಧ್ಯಾಪಕ ಮಿತ್ರರೊಬ್ಬರು ಇವನ್ನು ಸೂಕ್ಷ್ಮದರ್ಶಕದ ಕೆಳಗೆ ನನಗೆ ತೋರಿಸಿದ್ದರು. ಬೆಳ್ಳನೆಯ ಗುಳ್ಳೆಗಳನ್ನು ಸುರುಳಿಯಾಗಿ ಅಂಟಿಸಿದಂಥ ರೂಪ. ಒದ್ದೆಮಾಡಿದ ಕುಂಚದ ತುದಿಯಿಂದ ಒಂದೊಂದನ್ನೇ ಎತ್ತಿ, ಜಾತಿ ಗುರುತಿಸಿ, ಬೇರೆಬೇರೆ ಮನೆಗಳಲ್ಲಿ ಇಡುತ್ತಿದ್ದ ಅವರ ತಾಳ್ಮೆಯನ್ನು ಕಂಡು, ಅಕ್ಷರಸೂಚಿ ತಯಾರಿಸುವ ನಮ್ಮ ಕಷ್ಟ ದೊಡ್ಡದಲ್ಲವೆನಿಸಿತು.

ಇವುಗಳಲ್ಲಿ ಎರಡು ಪಂಗಡ. ಕೆಲವು ಕಡಲಿನ ಮೇಲ್ಪದರದಲ್ಲಿ ತೇಲುತ್ತ ಬದುಕುತ್ತವೆ. ಕೆಲವು ತಳದ ಕೆಸರಿನಲ್ಲಿಯೇ ವಾಸಿಸುತ್ತವೆ. ಈ ಭೇದವನ್ನು ಕೇಳುಗರು ನೆನಪಿನಲ್ಲಿಡಬೇಕು. ಮುಂದೆ ಇಡೀ ವ್ಯಾಜ್ಯ ಇದರ ಮೇಲೆ ತೀರ್ಮಾನವಾಗುತ್ತದೆ. ಸತ್ತ ಮೇಲೆ ಇವುಗಳ ಸುಣ್ಣದ ಚಿಪ್ಪು ತಳಕ್ಕಿಳಿದು ಪದರಪದರವಾಗಿ ಕೂಡುತ್ತದೆ. ಸಾವಿರ ವರ್ಷಕ್ಕೆ ಕೆಲವೇ ಸೆಂಟಿಮೀಟರು! ಇಂಥ ಕೆಸರು ಸಾಗರತಳವನ್ನು ವಿಸ್ತಾರವಾಗಿ ಹೊದೆದಿದೆಯೆಂದು 1872ರಿಂದ 1876ರವರೆಗೆ ಲೋಕವನ್ನು ಸುತ್ತಿದ ಚಾಲೆಂಜರ್ ಹಡಗಿನ ಯಾತ್ರೆಯಿಂದ ತಿಳಿಯಿತು. ಆದರೆ ಅದನ್ನು ಕಲಕದೆ ಉದ್ದವಾದ ಕಂಬದಂತೆ ಮೇಲೆತ್ತುವ ಉಪಾಯ ಕೈಗೂಡಲು ಇನ್ನೂ ಏಳು ದಶಕಗಳು ಬೇಕಾದುವು. ಸ್ವೀಡನ್ನಿನ ಕುಲೆನ್‌ಬರ್ಗ್ ರೂಪಿಸಿದ ಕೊಳವೆಯಿಂದ, 1947–48ರ ಆಲ್ಬಟ್ರಾಸ್ ಯಾತ್ರೆಯಲ್ಲಿ, ಹತ್ತು ಮೀಟರಿಗೂ ಮಿಕ್ಕಿದ ಕಂಬಗಳು ದೊರೆತವು. ಲಕ್ಷಾಂತರ ವರ್ಷಗಳ ಗ್ರಂಥ ಒಂದೇ ಕೊಳವೆಯಲ್ಲಿ ಬಂದಂತಾಯಿತು.

ಅದನ್ನು ಓದುವ ಮೊದಲನೆಯ ಮಾರ್ಗ ಸರಳವಾದದ್ದು. ಈ ಜೀವಿಗಳಲ್ಲಿ ಕೆಲವು ಬೆಚ್ಚನೆಯ ನೀರನ್ನು ಬಯಸಿದರೆ ಕೆಲವು ತಣ್ಣನೆಯದನ್ನು ಬಯಸುತ್ತವೆ. ಜರ್ಮನಿಯ ಶಾಟ್ ಎಂಬ ವಿದ್ವಾಂಸ 1935ರಲ್ಲಿ, ಅಟ್ಲಾಂಟಿಕ್ ಸಾಗರದ ಕೆಸರಿನಲ್ಲಿ ಬೆಚ್ಚನೆಯ ನೀರಿನ ಒಂದು ಜಾತಿ ಮೇಲಿನ ಪದರದಲ್ಲಿದ್ದು, ಅದರ ಕೆಳಗೆ ಮಾಯವಾಗಿ, ಇನ್ನೂ ಕೆಳಗೆ ಮತ್ತೆ ಕಾಣಿಸಿಕೊಳ್ಳುವುದನ್ನು ಕಂಡ. ನಡುವಣ ಪದರ ಹಿಮಯುಗದ್ದೆಂದು ಅರ್ಥಮಾಡಿದ. ಊರಿನಲ್ಲಿ ಯಾರು ಯಾರಿದ್ದಾರೆಂಬ ಜನಗಣತಿಯಿಂದ ಊರಿನ ಹವೆಯನ್ನು ಊಹಿಸುವ ಕ್ರಮವಿದು. ಇಂಬ್ರಿ ಮತ್ತು ಕಿಪ್ ಎಂಬವರು 1971ರಲ್ಲಿ ಇದಕ್ಕೆ ಗಣಿತದ ಸೂತ್ರ ಕೊಟ್ಟರು.

ಎರಡನೆಯ ಮಾರ್ಗ ರಸಾಯನಶಾಸ್ತ್ರದ್ದು. ಅಮೆರಿಕದ ಹೆರಾಲ್ಡ್ ಯೂರಿ ಭಾರಜಲಜನಕವನ್ನು ಕಂಡುಹಿಡಿದು 1934ರಲ್ಲಿ ನೊಬೆಲ್ ಬಹುಮಾನ ಪಡೆದವನು. ಆಮ್ಲಜನಕದಲ್ಲಿಯೂ ಹಗುರವಾದ 16 ಮತ್ತು ಭಾರವಾದ 18 ಎಂಬ ಭೇದಗಳಿವೆ. ಸಾವಿರ ಪರಮಾಣುಗಳಲ್ಲಿ ಸುಮಾರು ಎರಡು ಮಾತ್ರ ಭಾರವಾದವು. ನೀರು ತಣ್ಣಗಾದಷ್ಟೂ ಅದರಲ್ಲಿ ಕಟ್ಟಿಕೊಳ್ಳುವ ಚಿಪ್ಪಿನೊಳಗೆ ಭಾರದ ಆಮ್ಲಜನಕ ತುಸು ಹೆಚ್ಚು ಸೇರಬೇಕೆಂದು ಆತ 1947ರಲ್ಲಿ ಗಣಿತದಿಂದ ತೋರಿಸಿದ. ತುಸು ಎಂದರೆ ಎಷ್ಟು? ಒಂದು ಡಿಗ್ರಿಗೆ ಆ ಪ್ರಮಾಣದಲ್ಲಿ ಸಾವಿರಕ್ಕೆ ಸುಮಾರು 0.2 ಪಾಲಿನ ವ್ಯತ್ಯಾಸ. ಅಷ್ಟನ್ನು ತೂಗಿ ಹೇಳಬಲ್ಲ ಯಂತ್ರವನ್ನು ಷಿಕಾಗೋದ ಅವನ ಬಳಗ ಸಿದ್ಧಪಡಿಸಿತು. ಅವರು 1951ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ಕಾವ್ಯಪ್ರಿಯರಿಗೂ ರುಚಿಸುವಂಥದು. ಜುರಾಸಿಕ್ ಯುಗದ, ಅಂದರೆ 14 ಕೋಟಿ ವರ್ಷಗಳಿಗೂ ಹಿಂದಿನ, ಬೊಂಡಾಸಿನ ಬಂಧುವೊಂದರ ಕಲ್ಲಾದ ಒಳಚಿಪ್ಪನ್ನು ಪದರಪದರವಾಗಿ ಕೆರೆದು ಅಳೆದು, ಆ ಜೀವಿ ಎಳೆತನದ ಬಳಿಕ ಮೂರು ಬೇಸಗೆಗಳನ್ನೂ ನಾಲ್ಕು ಚಳಿಗಾಲಗಳನ್ನೂ ಕಂಡು, ನಾಲ್ಕರ ಪ್ರಾಯದಲ್ಲಿ, ವಸಂತದಲ್ಲಿ ಸತ್ತಿತೆಂದು ಹೇಳಿದರು. ನಮ್ಮ ಎಷ್ಟೋ ಹಳೆಯ ಕವಿಗಳ ಕಾಲವನ್ನು ನಾವು ಶತಮಾನದಷ್ಟು ಬಿಗಿಯಾಗಿಯೂ ಹೇಳಲಾರೆವು!

ಯೂರಿಯ ಬಳಗದಲ್ಲಿ ಇಟಲಿಯಿಂದ ಬಂದಿದ್ದ ಚೆಸಾರೆ ಎಮಿಲಿಯಾನಿ ಎಂಬ ತರುಣನಿದ್ದ. ಫೊರಾಮಿನಿಫೆರಗಳ ಚಿಪ್ಪುಗಳಿಗೆ ಈ ಅಳತೆಯನ್ನು ಹಚ್ಚಿ 1955ರಲ್ಲಿ ಆತ ಪ್ರಕಟಿಸಿದ ಪ್ರಬಂಧ ಭೂವಿಜ್ಞಾನದ ಒಂದು ಮೈಲಿಗಲ್ಲು. ಹಿಮಯುಗ ನಾಲ್ಕು ಬಾರಿ ಬಂದಿತ್ತೆಂಬ ಹಳೆಯ ನಂಬಿಕೆ ಅಲುಗಾಡಿತು. ಚಳಿ ಮತ್ತು ಬಿಸಿಯ ಆವರ್ತಗಳು ಹಲವೆಂದು ಕಂಡಿತು. ಬಿಸಿಯ ಘಟ್ಟಗಳಿಗೆ ಬೆಸ ಸಂಖ್ಯೆ, ಚಳಿಯ ಘಟ್ಟಗಳಿಗೆ ಸರಿ ಸಂಖ್ಯೆ ಎಂದು ಆತ ಹಾಕಿದ ಅಂಕಿಗಳು ಇಂದಿಗೂ ಬಳಕೆಯಲ್ಲಿವೆ. ಹಿಮಯುಗದ ಉತ್ಕರ್ಷದಲ್ಲಿ ಕರೀಬಿಯನ್ ಕಡಲಿನ ಮೇಲ್ಮೈ ಸುಮಾರು 6 ಡಿಗ್ರಿ ತಣ್ಣಗಿತ್ತೆಂದು ಆತ ಗಣಿಸಿದ.

ಇಲ್ಲಿಯೇ ಶ್ಲೇಷ ಅಡಗಿತ್ತು. ಹಗುರ ಆಮ್ಲಜನಕದ ನೀರು ಬೇಗ ಆವಿಯಾಗುತ್ತದೆ. ಆ ಆವಿ ಧ್ರುವದ ಕಡೆ ಸಾಗಿ ಹಿಮವಾಗಿ ಬಿದ್ದು, ನೆಲದ ಮೇಲೆ ಗಡ್ಡೆಗಟ್ಟಿ ನಿಂತುಬಿಟ್ಟರೆ ಕಡಲಿನಲ್ಲಿ ಉಳಿಯುವುದು ಭಾರದ ಪಾಲು. ಹಿಮಯುಗದಲ್ಲಿ ಕಡಲಿನ ಮಟ್ಟ ಸುಮಾರು 120 ಮೀಟರ್ ಇಳಿದಿತ್ತು. ಅಷ್ಟು ನೀರೂ ಹಿಮವಾಗಿ ನೆಲದ ಮೇಲಿತ್ತು. ಆದುದರಿಂದ ಚಿಪ್ಪಿನಲ್ಲಿ ಭಾರದ ಆಮ್ಲಜನಕ ಹೆಚ್ಚಿದ್ದರೆ ಅದು ‘ನೀರು ತಣ್ಣಗಿತ್ತು’ ಎಂದೂ ಹೇಳಬಹುದು, ‘ಹಿಮ ಹೆಚ್ಚಿತ್ತು’ ಎಂದೂ ಹೇಳಬಹುದು. ಪದ ಒಂದೇ, ಅರ್ಥ ಎರಡು. ಎಮಿಲಿಯಾನಿ ಇದನ್ನು ಅರಿಯದವನಲ್ಲ. ಹಿಮದ ಪಾಲು ಸಾವಿರಕ್ಕೆ 0.4ರಷ್ಟೆಂದು ಎಣಿಸಿ, ಮಿಕ್ಕುದನ್ನೆಲ್ಲ ಉಷ್ಣತೆಯ ಖಾತೆಗೆ ಹಾಕಿದ.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ನಿಕೊಲಸ್ ಶಾಕಲ್‌ಟನ್ 1967ರಲ್ಲಿ ಈ ಗಂಟನ್ನು ಬಿಡಿಸಿದ ಬಗೆ ನನಗೆ ಬಹಳ ಹಿಡಿಸಿತು. (ಈತ ಕ್ಲಾರಿನೆಟ್ ವಾದ್ಯದಲ್ಲಿ ಆಸಕ್ತ; ಅವುಗಳ ದೊಡ್ಡ ಸಂಗ್ರಹವನ್ನೇ ಬಿಟ್ಟುಹೋಗಿದ್ದಾನೆ.) ಒಂದು ಪ್ರತಿಯ ಪಾಠ ಸಂದಿಗ್ಧವಾದಾಗ ನಾವು ಬೇರೆ ಶಾಖೆಯ ಪ್ರತಿಯನ್ನು ತರಿಸುವುದಿಲ್ಲವೆ? ಆತ ಮಾಡಿದ್ದು ಅದನ್ನೇ. ಮೇಲೆ ತೇಲುವ ಚಿಪ್ಪುಗಳ ಪಕ್ಕದಲ್ಲಿ ತಳವಾಸಿ ಚಿಪ್ಪುಗಳ ಅಳತೆಯನ್ನಿಟ್ಟ. ಆಳದ ನೀರು ಇಂದೇ ಹೆಪ್ಪುಗಟ್ಟುವ ಅಂಚಿನ ಸಮೀಪದಲ್ಲಿದೆ. ಅಲ್ಲಿ 6 ಡಿಗ್ರಿ ಇಳಿಯುವುದಕ್ಕೆ ಜಾಗವೇ ಇಲ್ಲ. ಹಾಗಿದ್ದರೂ ತಳದ ಚಿಪ್ಪುಗಳಲ್ಲಿ ಕಂಡ ಏರಿಳಿತ ಮೇಲಿನವುಗಳಷ್ಟೇ ಇತ್ತು. ಎಂದಮೇಲೆ ಆ ಏರಿಳಿತದ ದೊಡ್ಡ ಪಾಲು ಹಿಮದ್ದೇ ಆಗಬೇಕು. ಇಂದಿನ ಲೆಕ್ಕದಲ್ಲಿ ಹಿಮದ ಪಾಲು ಸಾವಿರಕ್ಕೆ ಸುಮಾರು 1. ಆಳದ ನೀರೂ ಕೆಲವು ಡಿಗ್ರಿ ತಣ್ಣಗಾಗಿತ್ತೆಂದು ಈಗ ತಿಳಿದಿದೆ. ಶಾಕಲ್‌ಟನ್‌ನ ಪಕ್ಷ ಗೆದ್ದಿತು, ಆದರೆ ಪೂರ್ತಿಯಾಗಿ ಅಲ್ಲ. ಎಮಿಲಿಯಾನಿಯ ವ್ಯಾಖ್ಯಾನ ಬಿದ್ದರೂ ಅವನ ಪದ್ಯಸಂಖ್ಯೆ ನಿಂತಿತು. ಸಂಪಾದಕರಿಗೆ ಇದು ಹೊಸ ಅನುಭವವೇನಲ್ಲ.

ಸೋಲಿನಂತೆ ಕಂಡದ್ದು ಲಾಭವೇ ಆಯಿತು. ಹಿಮದ ಪ್ರಮಾಣ ಲೋಕದ ಕಡಲುಗಳಿಗೆಲ್ಲ ಸಮಾನವಾದದ್ದರಿಂದ ಒಂದು ಸಾಗರದ ಪದರವನ್ನು ಇನ್ನೊಂದರ ಪದರದೊಂದಿಗೆ ಹೊಂದಿಸಲು ಸಾಧ್ಯವಾಯಿತು. ಹೇಸ್, ಇಂಬ್ರಿ, ಶಾಕಲ್‌ಟನ್ ಮೂವರೂ ಕೂಡಿ ನಮ್ಮ ಹಿಂದೂ ಮಹಾಸಾಗರದ ದಕ್ಷಿಣ ಭಾಗದ ಎರಡು ಕಂಬಗಳನ್ನು ಓದಿ, ನಾಲ್ಕೂವರೆ ಲಕ್ಷ ವರ್ಷಗಳ ಹಿಮಯುಗಗಳು ಭೂಮಿಯ ಕಕ್ಷೆ ಮತ್ತು ಅಕ್ಷಗಳ ನಿಧಾನವಾದ ಓಲಾಟಕ್ಕೆ ತಾಳ ಹಾಕಿವೆಯೆಂದು 1976ರಲ್ಲಿ ತೋರಿಸಿದರು.

ಹಾಗಾದರೆ ಉಷ್ಣತೆಯನ್ನು ಪ್ರತ್ಯೇಕವಾಗಿ ಹೇಳುವ ಸಾಕ್ಷಿ ಬೇಡವೆ? ಅದು ಮೆಗ್ನೀಸಿಯಮ್ ಆಗಿ ಒದಗಿತು. ಚಿಪ್ಪು ಕಟ್ಟುವಾಗ ಕ್ಯಾಲ್ಸಿಯಮ್ ಕೂರಬೇಕಾದ ಕಡೆ ಅಲ್ಲಲ್ಲಿ ಮೆಗ್ನೀಸಿಯಮ್ ನುಸುಳುತ್ತದೆ. ನೀರು ಬೆಚ್ಚಗಾದಷ್ಟೂ ಹೆಚ್ಚು, ಡಿಗ್ರಿಯೊಂದಕ್ಕೆ ನೂರಕ್ಕೆ ಸುಮಾರು 9ರಂತೆ. ಒಂದೇ ಚಿಪ್ಪಿನಿಂದ ಎರಡನ್ನೂ ಅಳೆದು, ಉಷ್ಣತೆಯ ಪಾಲನ್ನು ಕಳೆದರೆ ಉಳಿಯುವುದು ಮುಖ್ಯವಾಗಿ ಹಿಮ. ಡೇವಿಡ್ ಲೀ ಮತ್ತು ಸಂಗಡಿಗರು 2000ದಲ್ಲಿ ಹೀಗೆ ಅಳೆದು, ಹಿಮಯುಗದಲ್ಲಿ ಪೆಸಿಫಿಕ್‌ನ ಸಮಭಾಜಕ ಪ್ರದೇಶ ಸುಮಾರು 2.8 ಡಿಗ್ರಿ ತಣ್ಣಗಿತ್ತೆಂದೂ, ಕಡಲು ಬಿಸಿಯಾದ ಸುಮಾರು 3000 ವರ್ಷಗಳ ಮೇಲೆ ಹಿಮದ ಇಳಿತ ಕಂಡುಬಂತೆಂದೂ ಹೇಳಿದರು. ಜನಗಣತಿಯ ಮಾರ್ಗದಿಂದ 1976ರಲ್ಲಿ ತಯಾರಾದ ಹೆಸರಾಂತ ನಕಾಶೆಯೊಂದು, ಅಲ್ಲಿ ಬಹುಮಟ್ಟಿಗೆ ಏನೂ ವ್ಯತ್ಯಾಸವಿರಲಿಲ್ಲವೆಂದಿತ್ತು. ಸಾಕ್ಷಿಗಳ ಈ ಜಗಳವೇ ಶಾಸ್ತ್ರವನ್ನು ಆರೋಗ್ಯವಾಗಿಟ್ಟಿದೆಯೆಂಬುದು ನನ್ನ ಭಾವನೆ.

ಇನ್ನು ಪ್ರತಿ ಕೆಡುವ ವಿಚಾರ. ಕೆಸರಿನ ಹುಳುಗಳು ಪದರಗಳನ್ನು ಕಲಸುತ್ತವೆ; ತೀರ ಆಳದಲ್ಲಿ ಚಿಪ್ಪು ಕರಗಿಯೇ ಹೋಗುತ್ತದೆ. ಇವೆಲ್ಲ ಕಣ್ಣಿಗೆ ಕಾಣುವ ಕೇಡು. ಕಾಣದ ಕೇಡು ಅನ್ಯಹಸ್ತದ್ದು. ಈಯೊಸೀನ್ ಯುಗದಲ್ಲಿ, ಎಂದರೆ 5.6 ಕೋಟಿಯಿಂದ 3.4 ಕೋಟಿ ವರ್ಷಗಳ ಹಿಂದೆ, ವಾಯುಮಂಡಲದಲ್ಲಿ ಇಂಗಾಲದ ಡೈ ಆಕ್ಸೈಡ್ ಹೆಚ್ಚಿತ್ತು; ಧ್ರುವದ ಕಡೆಯ ನಾಡುಗಳು ಬೆಚ್ಚಗಿದ್ದುವು. ಆದರೆ ಉಷ್ಣವಲಯದ ಚಿಪ್ಪುಗಳು ಕಡಲು ಬರಿಯ 15–23 ಡಿಗ್ರಿಯಲ್ಲಿತ್ತೆನ್ನುತ್ತಿದ್ದುವು. ಇದು ಪಂಡಿತರ ಮನೆಯೊಳಗಿನ ಮಾತಾಗಿ ಉಳಿಯುವಂತಿರಲಿಲ್ಲ. ಚಿಪ್ಪಿನ ಮಾತು ನಿಜವಾದರೆ, ಅನಿಲ ಹೆಚ್ಚಿದರೆ ಉಷ್ಣವಲಯವೂ ಕಾಯುತ್ತದೆಂದು ಗಣಿತದಿಂದ ಹೇಳುವವರ ಲೆಕ್ಕ ತಪ್ಪಾಗಬೇಕು. ಅದರ ಫಲವನ್ನು ಉಣ್ಣಬೇಕಾದವರು ಉಷ್ಣವಲಯದಲ್ಲಿರುವ ನಾವು. ಪಾಲ್ ಪಿಯರ್ಸನ್ ಮತ್ತು ಸಂಗಡಿಗರು ಪ್ರತಿಯನ್ನೇ ಶಂಕಿಸಿದರು. ಆ ಚಿಪ್ಪುಗಳು ತಳದಲ್ಲಿ ಬಿದ್ದಮೇಲೆ, ಅಲ್ಲಿಯ ತಣ್ಣೀರಿನಲ್ಲಿ, ಅವುಗಳ ಸುಣ್ಣ ಮರಳಿ ಹರಳುಗಟ್ಟಿತ್ತು. ಮೇಲಿನ ಬಿಸಿಯ ಬರಹದ ಮೇಲೆ ತಳದ ಚಳಿ ತನ್ನ ಅಕ್ಷರ ಬರೆದಿತ್ತು. ಆಫ್ರಿಕದ ತಾಂಜಾನಿಯದಲ್ಲಿ ನೀರು ನುಸುಳದ ಜೇಡಿಯಲ್ಲಿ ಹುದುಗಿದ್ದು ಗಾಜಿನಂತೆ ಹೊಳೆಯುವ ಚಿಪ್ಪುಗಳು ಅವರಿಗೆ ಸಿಕ್ಕವು. ಅವನ್ನು ಅಳೆದಾಗ ಕಡಲು ಕನಿಷ್ಠ 28–32 ಡಿಗ್ರಿಯಲ್ಲಿತ್ತೆಂದು ಕಂಡಿತು. ಇದು 2001ರ ಮಾತು. ಹತ್ತಾರು ಪ್ರತಿಗಳ ಬಹುಮತಕ್ಕಿಂತ ಒಂದು ಶುದ್ಧಪ್ರತಿ ಮೇಲೆಂದು ನಮ್ಮಲ್ಲಿ ಹೇಳಿದರೆ ಕೆಲವರು ಒಪ್ಪುವುದಿಲ್ಲ, ಅಲ್ಲಿ ಒಪ್ಪಿದರು.

ನಮ್ಮ ಅರಬ್ಬೀ ಸಮುದ್ರದ ಒಂದು ಪಾಠವನ್ನು ಹೇಳಲೇಬೇಕು. ಗ್ಲೋಬಿಜೆರೈನ ಬುಲಾಯ್ಡಿಸ್ ಎಂಬುದು ತಂಪುನೀರಿನ ಜಾತಿ. ಅದು ಒಮಾನಿನ ಬಳಿಯ ಬಿಸಿಲಿನ ಕಡಲಿನಲ್ಲಿ ಹೇರಳವಾಗಿ ದೊರೆಯುತ್ತದೆ. ಕಾರಣ, ಜೂನಿನಿಂದ ಬೀಸುವ ನೈಋತ್ಯ ಮಾರುತ ಮೇಲಿನ ನೀರನ್ನು ತೀರದಿಂದಾಚೆಗೆ ನೂಕಿ, ಆಳದ ತಣ್ಣೀರನ್ನು ಮೇಲಕ್ಕೆ ಎಳೆಯುತ್ತದೆ. ನಮ್ಮ ಸಹ್ಯಾದ್ರಿಗೆ ಮಳೆ ತರುವ ಮಾರುತವೂ ಅದೇ. ಆದುದರಿಂದ ಅಲ್ಲಿ ಈ ಚಿಪ್ಪು ಹೆಚ್ಚಿದ ಪದರವೆಂದರೆ ಮಾರುತ ಬಲವಾಗಿ ಬೀಸಿದ ಕಾಲ. ಜಗತ್ತು ತಂಪಾಗಿದ್ದ ಕಾಲವೆಂದು ಓದಿದರೆ ಅಪಾರ್ಥವಾಗುತ್ತದೆ. ಹೀಗೆ ಓದಿದ ಅನಿಲ್ ಗುಪ್ತ, ಆಂಡರ್ಸನ್, ಓವರ್‌ಪೆಕ್ ಇವರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಳೆದ ಹತ್ತು ಸಾವಿರ ವರ್ಷಗಳ ಅವಧಿಯಲ್ಲಿ ಈ ಚಿಪ್ಪು ವಿರಳವಾದ ಕಾಲಗಳು ದೂರದ ಉತ್ತರ ಅಟ್ಲಾಂಟಿಕ್‌ನಲ್ಲಿ ಚಳಿ ಹೆಚ್ಚಿದ ಕಾಲಗಳೊಂದಿಗೆ ಹೊಂದಿಕೊಂಡಿವೆ. ಅಲ್ಲಿ ಕಡಲು ತಣ್ಣಗಾದಾಗ ಇಲ್ಲಿ ಮಳೆಯ ಮಾರುತ ಸೊರಗಿತ್ತು.