ದೋಣಿಯ ಯಂತ್ರ ಎಲ್ಲಿ ಸೋರುತ್ತದೆ?

ಮಂಜೇಶ್ವರದಿಂದ ಕಾಸರಗೋಡಿನವರೆಗೆ ಕಡಲ ಕರೆಯಲ್ಲಿರುವ ನಿಮಗೆ ದೋಣಿಯ ಹಿಂಬದಿಗೆ ಸಿಕ್ಕಿಸುವ ಯಂತ್ರ ಹೊಸತಲ್ಲ. ನಾನು ಮೆಕ್ಯಾನಿಕ್ ಅಲ್ಲ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಇಂತಹ ಯಂತ್ರಗಳ ಸಾಲದ ಕಾಗದ ಬರೆದಿದ್ದೆನೇ ಹೊರತು ಅದರ ಮುಚ್ಚಳ ತೆಗೆದು ನೋಡಿದವನಲ್ಲ. ನೋಡುವಂತೆ ಮಾಡಿದವನು ನನ್ನ ತಂಗಿಯ ಮಗ.

ಅವನದು 9.9 ಅಶ್ವಶಕ್ತಿಯ ಹಳೆಯ ಟೂ-ಸ್ಟ್ರೋಕ್ ಯಂತ್ರ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಚಿಮಿಣಿ ಎಣ್ಣೆಗೆ ತಿರುಗಿಸುವಂತಹದು. ಒಂದು ಮಳೆಗಾಲ ಕಳೆದ ಮೇಲೆ ಶಿರಿಯ ಅಳಿವೆಯ ಬಾಯಲ್ಲೇ ಅದು ನಿಂತಿತು. ಹಗ್ಗ ಎಳೆದು ಎಳೆದು ಕೈ ಸೋತಿತು. ತೆರೆ ದೋಣಿಯನ್ನು ಅಡ್ಡ ತಿರುಗಿಸತೊಡಗಿತು. ಹಿಂದೆ ಬಂದ ದೋಣಿಯವರು ಎಳೆದು ತಂದದ್ದರಿಂದ ಹುಡುಗ ಉಳಿದ. ಮುಚ್ಚಳ ತೆಗೆದರೆ ಒಳಗೆಲ್ಲ ಎಣ್ಣೆ. ಒಂದು ಕಿಡಿ ಸಾಕಿತ್ತು. ಅದಕ್ಕೂ ಮೊದಲು ಅವನು ಯಾರದೋ ಮಾತು ಕೇಳಿ ಎರಡು ಸಲ ಪೈಪು ಬದಲಾಯಿಸಿದ್ದ. ಸೋರುತ್ತಿದ್ದುದು ಪೈಪಲ್ಲ.

ಊರಿನ ಹಿರಿಯ ಫಿಟ್ಟರ್ ಒಬ್ಬರು ಬಂದು ಮಲಯಾಳದಲ್ಲಿ ಒಂದೇ ಮಾತು ಹೇಳಿದರು: "ಚೋರ್ಚ ಎವಿಡೆಯಾಣ್? ಆದ್ಯಂ ಅದ್ ನೋಕ್ಕಣಂ." ಸೋರುವುದು ಎಲ್ಲಿ, ಮೊದಲು ಅದನ್ನು ನೋಡಬೇಕು. ಅವರು ತೋರಿಸಿದ ಕ್ರಮವನ್ನೇ ನಿಮಗೆ ಹೇಳುತ್ತೇನೆ.

ಯಂತ್ರ ತಣ್ಣಗಾಗಿರಲಿ, ನೆಟ್ಟಗೆ ನಿಂತಿರಲಿ. ಬೀಡಿ, ಬೆಂಕಿ ಹತ್ತಿರ ಬೇಡ. ಮುಚ್ಚಳ ತೆಗೆದು ಕಾರ್ಬೊರೇಟರನ್ನೂ ಪೈಪುಗಳನ್ನೂ ಬಿಳಿ ಬಟ್ಟೆಯಿಂದ ಒರಸಿ ಒಣಗಿಸಿರಿ. ಆಮೇಲೆ ಪೈಪಿನ ನಡುವೆ ಇರುವ ರಬ್ಬರ್ ಉಂಡೆಯನ್ನು ಗಟ್ಟಿಯಾಗುವ ತನಕ ಹಿಚುಕಿರಿ. ಒದ್ದೆ ಮೊದಲು ಎಲ್ಲಿ ಕಾಣುತ್ತದೆ ಎಂದು ಕಣ್ಣಿಟ್ಟು ನೋಡಿರಿ. ಪೆಟ್ರೋಲು ಬೇಗ ಆರಿಹೋಗಿ ಆಯಿಲಿನ ಕಲೆ ಮಾತ್ರ ಉಳಿಯುತ್ತದೆ. ಆದ್ದರಿಂದ ಹಳೆಯ ಕಲೆಯನ್ನು ನಂಬಬೇಡಿ.

ಪೈಪಿನ ಜೋಡಣೆಯಲ್ಲಿ ಒದ್ದೆಯಾದರೆ ಕ್ಲಿಪ್ಪು ಸಡಿಲ, ಇಲ್ಲವೇ ಪೈಪು ಬಿರಿದಿದೆ. ಕಾರ್ಬೊರೇಟರಿನ ಕೆಳಗಿನ ಬಟ್ಟಲಿನ ಅಂಚಿನಲ್ಲಾದರೆ ಗ್ಯಾಸ್ಕೆಟ್, ಬಟ್ಟಲಿನ ಅಡಿಯ ಸ್ಕ್ರೂನಲ್ಲಾದರೆ ಅದರ ವಾಶರ್. ಹೊರಗೆಲ್ಲೂ ಒದ್ದೆಯಿಲ್ಲದೆ ಉಂಡೆ ಮಾತ್ರ ಮೆತ್ತಗಾದರೆ ಉಂಡೆಯೊಳಗಿನ ವಾಲ್ವನ್ನೋ ಪಂಪಿನ ಡಯಾಫ್ರಮನ್ನೋ ಸಂಶಯಿಸಬೇಕು. ಡಯಾಫ್ರಮ್ ತೂತಾದರೆ ಎಣ್ಣೆ ಯಂತ್ರದ ಒಳಗೇ ಸೇರಿ ಪ್ಲಗ್ ಒದ್ದೆಯಾಗುತ್ತದೆ.

ಗಾಳಿ ಎಳೆಯುವ ಬಾಯಿಂದಲೇ ಎಣ್ಣೆ ತೊಟ್ಟಿಕ್ಕಿದರೆ? ನಮ್ಮ ಹುಡುಗನ ಯಂತ್ರದ್ದು ಇದೇ ರೋಗ. ಬಟ್ಟಲಿನಲ್ಲಿ ಎಣ್ಣೆ ಏರಿದಂತೆ ಒಂದು ಫ್ಲೋಟ್ ತೇಲಿ, ಮೇಲಿನ ಸೂಜಿಯನ್ನು ಒತ್ತಿ ದಾರಿ ಮುಚ್ಚುತ್ತದೆ. ಸೂಜಿ ಸರಿಯಾಗಿ ಕೂರದಿದ್ದರೆ ಬಟ್ಟಲು ತುಂಬಿ ಹರಿಯುತ್ತದೆ. ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿರಿ. ಒಳಗೆ ನೀರಾಡಿದ ಸದ್ದು ಬಂದರೆ ಅದು ತೂತಾಗಿದೆ. ಸೂಜಿಯ ತುದಿಯನ್ನು ಬೆಳಕಿಗೆ ಹಿಡಿಯಿರಿ. ಸುತ್ತ ಉಂಗುರದಂತೆ ಗೀರು ಬಿದ್ದಿದ್ದರೆ ಬದಲಾಯಿಸಲೇಬೇಕು. ಗೀರಿಲ್ಲದಿದ್ದರೆ ಅದು ಕೂರುವ ಜಾಗದಲ್ಲಿ ಕಸ ಸಿಕ್ಕಿರಬಹುದು, ತೊಳೆದರೆ ಸಾಕು. ಅವನ ಸೂಜಿಯಲ್ಲಿ ಗೀರೂ ಇತ್ತು, ಮಳೆಗಾಲವಿಡೀ ಒಳಗೆ ನಿಂತ ಎಣ್ಣೆಯ ಅಂಟೂ ಇತ್ತು.

ಮೋಸ ಹೋಗುವ ಎರಡು ಸಂದರ್ಭಗಳಿವೆ. ಯಂತ್ರವನ್ನು ಎತ್ತಿ ಓರೆ ಮಾಡಿದಾಗ ಬಟ್ಟಲಿನ ಎಣ್ಣೆ ಸ್ವಲ್ಪ ಚೆಲ್ಲಿದರೆ ಅದು ರೋಗವಲ್ಲ. ಟ್ಯಾಂಕಿನ ಗಾಳಿಯ ತಿರುಪು ಮುಚ್ಚಿ ಬಿಸಿಲಲ್ಲಿಟ್ಟರೆ ಒಳಗಿನ ಒತ್ತಡವೇ ಎಣ್ಣೆಯನ್ನು ಸೂಜಿ ದಾಟಿಸಿ ತಳ್ಳುತ್ತದೆ. ಕೆಲಸ ಮುಗಿದ ಮೇಲೆ ಪೈಪು ಕಳಚಿಡುವುದೇ ಇದಕ್ಕೆ ಮದ್ದು. ಇನ್ನೊಂದು ಮಾತು: ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುತ್ತದೆ. ಹಳೆಯ ಕಾಲದ ರಬ್ಬರ್ ಅದರಿಂದ ಉಬ್ಬಿ ಮೆತ್ತಗಾಗುವುದುಂಟು.

ದುರಸ್ತಿಯಾದ ಮೇಲೆ ಉಂಡೆಯನ್ನು ಪುನಃ ಹಿಚುಕಿ, ಹತ್ತು ನಿಮಿಷ ಕಾದು, ಬಟ್ಟೆ ಒಣಗಿಯೇ ಇದೆಯೆಂದು ಕಂಡ ಮೇಲೆಯೇ ಸ್ಟಾರ್ಟ್ ಮಾಡಿರಿ.

ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ನಾವು ಹೊಸ ಪುಸ್ತಕ ತರಿಸುತ್ತಿರಲಿಲ್ಲ. ಒಂದೊಂದೇ ಸಾಲಿಗೆ ಗುರುತು ಹಾಕುತ್ತ ತಪ್ಪನ್ನು ಹುಡುಕುತ್ತಿದ್ದೆವು. ಯಂತ್ರಕ್ಕೂ ಅದೇ ಕ್ರಮ. ತಪ್ಪು ಸಿಕ್ಕದೆ ಅಳಿವೆ ದಾಟಬೇಡಿ. ಮನೆಯಲ್ಲಿ ಕಾಯುವವರಿದ್ದಾರೆ.