ಪಿತ್ತದ ಹಾದಿ

‘ಪಿತ್ತ ನೆತ್ತಿಗೇರಿತು’ ಎಂಬ ಮಾತನ್ನು ನಾವು ಬೈಗುಳವಾಗಿ ಆಡುವುದುಂಟು. ನನ್ನ ಅಣ್ಣನ ವಿಷಯದಲ್ಲಿ ನಾನೂ ಆಡಿದೆನು. ಯಕೃತ್ತು ಗಡುಸಾಗುವ ಸಿರೋಸಿಸ್ ಅವನಿಗಿತ್ತು. ಹಗಲೆಲ್ಲ ತೂಕಡಿಸಿ, ರಾತ್ರಿ ಎದ್ದು ಕುಳಿತು ಅಸಂಬದ್ಧವಾಗಿ ಮಾತನಾಡತೊಡಗಿದಾಗ, ಹಟವೆಂದು ತಿಳಿದು ಗದರಿಸಿದೆನು. ವೈದ್ಯರು ಕೊಟ್ಟದ್ದು ತಲೆಯ ಮದ್ದಲ್ಲ, ಮಲವನ್ನು ಸಡಿಲಿಸುವ ಲ್ಯಾಕ್ಟುಲೋಸ್ ಪಾಕ. ಮೂರನೆಯ ದಿನ ಅಣ್ಣ ನನ್ನನ್ನು ಹೆಸರು ಹಿಡಿದು ಕರೆದನು. ಜೀವಮಾನವೆಲ್ಲ ಕನ್ನಡ ಪಾಠ ಹೇಳಿದ ನಾನು ದೇಹಶಾಸ್ತ್ರದ ಪುಸ್ತಕ ಹಿಡಿದದ್ದು ಅಂದಿನಿಂದ.

ಕರುಳಿನ ರಕ್ತ ಬಹುಮಟ್ಟಿಗೆ ಪೋರ್ಟಲ್ ಅಭಿಧಮನಿಯ ಮೂಲಕ ಮೊದಲು ಯಕೃತ್ತಿಗೇ ಹೋಗುತ್ತದೆ. ಯಕೃತ್ತು ಪಡೆಯುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಆ ದಾರಿಯದು. ಕರುಳಿನ ಬ್ಯಾಕ್ಟೀರಿಯಗಳು ಹುಟ್ಟಿಸಿದ ಅಮೋನಿಯ ಅಲ್ಲಿ ಯೂರಿಯವಾಗಿ ಮಾರ್ಪಡಬೇಕು. ಮಾರ್ಪಡದಿದ್ದರೆ ಮಿದುಳಿಗೆ ಮಬ್ಬು. ಪಾಕವು ಕರುಳನ್ನು ಆಮ್ಲೀಯವಾಗಿಸಿ ಅಮೋನಿಯವನ್ನು ಅಲ್ಲಿಯೇ ಹಿಡಿದು ಹೊರಗಟ್ಟುತ್ತದೆ.

ನನಗೆ ಹೆಚ್ಚು ಸೋಜಿಗವೆನಿಸಿದ್ದು ಮರಳುವ ದಾರಿ. ಯಕೃತ್ತು ದಿನವೊಂದಕ್ಕೆ ಅರ್ಧದಿಂದ ಒಂದು ಲೀಟರಿನಷ್ಟು ಪಿತ್ತರಸವನ್ನು ಸ್ರವಿಸುತ್ತದೆ. ಅದು ಕೊಬ್ಬು ಅರಗಿಸುವ ದ್ರವವೆಂದಷ್ಟೇ ಹೇಳಿ ಶಾಲೆಯ ಪಾಠ ಮುಗಿಯುತ್ತಿತ್ತು. ಅದರಲ್ಲಿ ಪ್ರತಿಕಾಯಗಳೂ ಇವೆ, ಮುಖ್ಯವಾಗಿ ಐಜಿಎ ಎಂಬುದು. ತಾಯಿಯ ಹಾಲಿನಲ್ಲಿ ಮಗುವಿಗೆ ಸಲ್ಲುವುದೂ ಇದೇ. ಇದನ್ನು ತಯಾರಿಸುವ ಕಣಗಳು ಹೆಚ್ಚಾಗಿ ಕರುಳಿನ ಗೋಡೆಯಲ್ಲಿವೆ. ಯಕೃತ್ತು ಮುಖ್ಯವಾಗಿ ಸಾಗಣೆದಾರ. ಇಲಿಯಲ್ಲಿ ಯಕೃತ್ತಿನ ಜೀವಕೋಶಗಳೇ ರಕ್ತದಿಂದ ಐಜಿಎಯನ್ನು ಹಿಡಿದು ಪಿತ್ತಕ್ಕೆ ದಾಟಿಸುತ್ತವೆ. ಮನುಷ್ಯನಲ್ಲಿ ಆ ಕೆಲಸ ಪಿತ್ತನಾಳಗಳ ಒಳಪದರದ್ದು, ಪ್ರಮಾಣವೂ ಬಹಳ ಕಡಿಮೆ. ಇಲಿಗೆ ಒಪ್ಪಿದ್ದನ್ನೆಲ್ಲ ಮನುಷ್ಯನಿಗೆ ಹೊರಿಸುವ ಅವಸರದ ಬರಹಗಾರರು ಈ ಭೇದವನ್ನು ಮರೆಯುತ್ತಾರೆ.

ಪ್ರತಿಕಾಯವೆಂದರೆ ಕೊಲ್ಲುವ ಅಸ್ತ್ರವೆಂದೇ ನಾನು ಎಣಿಸಿದ್ದೆನು. ಐಜಿಎ ಪ್ರಾಯಶಃ ಕೊಲ್ಲುವುದಿಲ್ಲ. ಬ್ಯಾಕ್ಟೀರಿಯದ ಮೈಗೆ ಅಂಟಿಕೊಂಡು, ಅದು ಕರುಳಿನ ಗೋಡೆಗೆ ತಗುಲದಂತೆ ಲೋಳೆಯಲ್ಲಿಯೇ ತಡೆದು, ಗುಂಪುಗೂಡಿಸಿ ಸಾಗಹಾಕುತ್ತದೆ. ಕೆಲವಕ್ಕಂತೂ ಆ ಹೊದಿಕೆಯೇ ಆಸರೆ. ಬ್ಯಾಕ್ಟಿರಾಯ್ಡಿಸ್ ಫ್ರಾಜಿಲಿಸ್ ಎಂಬ ಜೀವಿ ಅದರ ನೆರವಿನಿಂದ ಇಲಿಯ ಕರುಳಿನಲ್ಲಿ ನೆಲೆಯೂರುವುದನ್ನು 2018ರಲ್ಲಿ ವಿಜ್ಞಾನಿಗಳು ತೋರಿಸಿದರು. ಕಾವಲುಗಾರನೇ ಬಿಡಾರ ಕೊಟ್ಟಂತಾಯಿತು!

ಇದನ್ನೆಲ್ಲ ಓದಿ ಹೇಳಿದಾಗ ಅಣ್ಣ, “ಹಾಗಾದರೆ ನೀನು ಬೈದದ್ದು ಬ್ಯಾಕ್ಟೀರಿಯಕ್ಕೆ” ಎಂದು ನಕ್ಕನು. ಆಮೇಲೆ ಎರಡು ವರ್ಷ ಬದುಕಿದನು. ಪಾಕ ತಪ್ಪಿದ ದಿನ ಮಾತು ತಡವರಿಸುತ್ತಿತ್ತು; ನಾನು ಚಮಚ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದೆನು.