ಜೀವಶಾಸ್ತ್ರ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳು ವಹಿಸಬೇಕಾದ ಎಚ್ಚರಿಕೆ

(ಕಾಗಿನೆಲೆಯಲ್ಲಿ ಪಿ.ಯು.ಸಿ. ವಿಜ್ಞಾನ ವಿದ್ಯಾರ್ಥಿಗಳು ಮತ್ತು ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಿಮ್ಮಲ್ಲಿ ಅನೇಕರು ನಿಮ್ಮ ಮನೆತನದಲ್ಲಿ ಪ್ರಯೋಗಾಲಯದ ಬಾಗಿಲು ದಾಟುತ್ತಿರುವ ಮೊದಲಿಗರು. ಆದ್ದರಿಂದ ನನ್ನದೇ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಪಾಠ ಮಾಡುತ್ತಿದ್ದ ಕಾಲೇಜೊಂದರಲ್ಲಿ ಎಲೆಯಲ್ಲಿ ಪಿಷ್ಟವಿದೆಯೆಂದು ತೋರಿಸುವ ಪ್ರಯೋಗ ನಡೆದಿತ್ತು. ಎಲೆಯ ಹಸಿರು ಬಣ್ಣ ತೆಗೆಯಲು ಅದನ್ನು ಸ್ಪಿರಿಟ್‌ನಲ್ಲಿ ಕುದಿಸಬೇಕು. ನಿಯಮದಂತೆ ಸ್ಪಿರಿಟ್ ಇರುವ ಪ್ರನಾಳವನ್ನು ಬಿಸಿನೀರಿನ ಬೀಕರಿನಲ್ಲಿಡಬೇಕು. ಅಂದು ಗಂಟೆ ಹೊಡೆಯಲು ಹತ್ತೇ ನಿಮಿಷವಿತ್ತು. ನೀರು ಕಾಯುವುದು ಯಾವಾಗ ಎಂದು ನಾನೇ ಪ್ರನಾಳವನ್ನು ನೇರವಾಗಿ ಜ್ವಾಲೆಯ ಮೇಲೆ ಹಿಡಿಯಲು ಹೇಳಿದೆ. ಸ್ಪಿರಿಟ್ ಉಕ್ಕಿ ಹತ್ತಿಕೊಂಡಿತು. ಹುಡುಗಿಯ ದುಪಟ್ಟಾದ ತುದಿಗೆ ಬೆಂಕಿ ತಗುಲಿ ಬಲಗೈ ಮುಂಗೈವರೆಗೆ ಸುಟ್ಟಿತು. ಗಾಯ ವಾಸಿಯಾಯಿತು. ಆದರೆ ಮರುವಾರ ಆಕೆಯ ತಂದೆ ಬಂದು, "ಸರ, ನಮ್ಮ ಹುಡುಗಿಗೆ ಸೈನ್ಸ್ ಬ್ಯಾಡ್ರಿ, ಆರ್ಟ್ಸ್‌ಗೆ ಹಾಕ್ರಿ" ಎಂದರು. ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಕೇಳುತ್ತಿರಲಿಲ್ಲವೇನೋ. ತರಗತಿಯಲ್ಲಿ ಅತ್ಯಂತ ಚೆನ್ನಾಗಿ ಚಿತ್ರ ಬಿಡಿಸುತ್ತಿದ್ದ ಹುಡುಗಿ ಅವಳು. ಅವಳ ರೆಕಾರ್ಡ್ ಪುಸ್ತಕ ಇಂದಿಗೂ ನನ್ನ ಬಳಿ ಇದೆ.

ಇಲ್ಲಿರುವ ತಂದೆ ತಾಯಂದಿರಲ್ಲಿಯೂ ಆ ಅಂಜಿಕೆ ಇರುವುದು ನನಗೆ ಗೊತ್ತು. ಅದಕ್ಕೇ ಬೆಂಕಿಯ ವಿಷಯವನ್ನು ಸ್ವಲ್ಪ ದೀರ್ಘವಾಗಿ ಹೇಳುತ್ತೇನೆ.

ಸ್ಪಿರಿಟ್ ಸುಮಾರು 78 ಡಿಗ್ರಿಗೆ ಕುದಿಯುತ್ತದೆ, ನೀರು 100 ಡಿಗ್ರಿಗೆ. ಆದ್ದರಿಂದ ನೀರನ್ನು ಮೊದಲು ಕುದಿಸಿ, ದೀಪ ಆರಿಸಿ, ಆಮೇಲೆ ಸ್ಪಿರಿಟ್ ಪ್ರನಾಳವನ್ನು ಆ ನೀರಿನಲ್ಲಿಟ್ಟರೆ ಎಲೆಯ ಬಣ್ಣ ತಾನಾಗಿಯೇ ಇಳಿಯುತ್ತದೆ. ಸ್ಪಿರಿಟ್ ಬಿಸಿಯಾಗುವ ಹೊತ್ತಿಗೆ ಹತ್ತಿರದಲ್ಲಿ ಜ್ವಾಲೆಯೇ ಇರಬಾರದು. ಎಲೆಯ ವರ್ಣದ್ರವ್ಯಗಳನ್ನು ಬೇರ್ಪಡಿಸುವ ಕ್ರೊಮ್ಯಾಟೊಗ್ರಫಿಗೆ ಬಳಸುವ ಪೆಟ್ರೋಲಿಯಂ ಈಥರ್ ಮತ್ತು ಅಸಿಟೋನ್ ಇನ್ನೂ ಚುರುಕು. ಅವುಗಳ ಆವಿ ಮೇಜಿನ ಮೇಲೆ ಹರಿದು ದೂರದ ದೀಪವನ್ನು ಮುಟ್ಟಬಲ್ಲದು. ಸ್ಪಿರಿಟ್ ಜ್ವಾಲೆ ಹಗಲಿನ ಬೆಳಕಿನಲ್ಲಿ ಸರಿಯಾಗಿ ಕಾಣುವುದಿಲ್ಲ. ದೀಪ ಆರಿದೆಯೆಂದು ತಿಳಿದು ಅದಕ್ಕೆ ಸ್ಪಿರಿಟ್ ಸುರಿದು ಸುಟ್ಟುಕೊಂಡವರಿದ್ದಾರೆ. ದೀಪವನ್ನು ಬಾಯಿಂದ ಊದಬೇಡಿ, ಮುಚ್ಚಳ ಮುಚ್ಚಿ. ಒಂದು ದೀಪವನ್ನು ವಾಲಿಸಿ ಇನ್ನೊಂದರಿಂದ ಹಚ್ಚಬೇಡಿ. ಪೂರ್ತಿ ತಣ್ಣಗಾದ ಮೇಲೆಯೇ ಸ್ಪಿರಿಟ್ ತುಂಬಿಸಿ.

ಇನ್ನು ಉಡುಪು. ಬುರ್ಖಾ ಹಾಕುವವರು, ದುಪಟ್ಟಾ ಹೊದೆಯುವವರು ಪ್ರಯೋಗಾಲಯಕ್ಕೆ ಬರಬಾರದೆಂದು ನಾನು ಎಂದೂ ಹೇಳಿಲ್ಲ. ತೋಳು ಸಡಿಲವಾಗಿದ್ದರೆ ಮಣಿಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿ. ದುಪಟ್ಟಾದ ಎರಡೂ ತುದಿಗಳನ್ನು ಹಿಂದಕ್ಕೆ ತಂದು ಏಪ್ರನ್ ಒಳಗೆ ಸೇರಿಸಿ ಪಿನ್ ಮಾಡಿ. ಮೇಲೆ ಹತ್ತಿಯ ಉದ್ದ ತೋಳಿನ ಏಪ್ರನ್ ಇರಲಿ. ಟೆರಿಕಾಟ್, ನೈಲಾನ್ ಬಟ್ಟೆ ಬೆಂಕಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಹತ್ತಿ ಹಾಗೆ ಕರಗುವುದಿಲ್ಲ. ಹುಡುಗರೂ ಅಷ್ಟೇ: ಕೊರಳಿಗೆ ಸುತ್ತಿದ ಮಫ್ಲರ್, ಹವಾಯಿ ಚಪ್ಪಲಿ ಬೇಡ. ರಂಜಾನ್ ತಿಂಗಳಲ್ಲಿ ಉಪವಾಸವಿದ್ದು ಮಧ್ಯಾಹ್ನದ ಪ್ರಾಕ್ಟಿಕಲ್‌ಗೆ ನಿಂತಾಗ ತಲೆ ಸುತ್ತಿದರೆ ನಾಚಿಕೊಳ್ಳದೆ ಗುರುಗಳಿಗೆ ಹೇಳಿ ಕುಳಿತುಕೊಳ್ಳಿ. ದೀಪದ ಮುಂದೆ ಬೀಳುವುದಕ್ಕಿಂತ ಪ್ರಯೋಗವನ್ನು ಮರುದಿನ ಮಾಡುವುದು ಮೇಲು.

ಸುಟ್ಟರೆ ಏನು ಮಾಡಬೇಕು? ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಬೇಕು. ಟೂತ್‌ಪೇಸ್ಟ್, ಶಾಯಿ, ಅರಿಶಿನ, ಬೆಣ್ಣೆ ಯಾವುದೂ ಬೇಡ. ಆ ದಿನ ನಮ್ಮ ಸಿಬ್ಬಂದಿಯೊಬ್ಬರು ಶಾಯಿ ಸುರಿದಿದ್ದರಿಂದ ಗಾಯ ಎಷ್ಟು ಆಳವೆಂದು ನೋಡಲು ಡಾಕ್ಟರಿಗೇ ಕಷ್ಟವಾಯಿತು.

ಕಣ್ಣಿನ ವಿಷಯ ಬ್ಯಾಡಗಿ ಸೀಮೆಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ನಿಮ್ಮ ತಾಯಂದಿರು ಮೆಣಸಿನಕಾಯಿಯ ತೊಟ್ಟು ಬಿಡಿಸುವಾಗ ಕೈಯನ್ನು ಕಣ್ಣಿಗೆ ಒಯ್ಯುತ್ತಾರೆಯೇ? ನಮ್ಮ ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಆದರೂ ಆ ಕೈ ಕಣ್ಣಿಗೆ ತಾಗಿದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಆ ಎಚ್ಚರವನ್ನೇ ಪ್ರಯೋಗಾಲಯಕ್ಕೂ ತನ್ನಿ. ಬೆನೆಡಿಕ್ಟ್ ದ್ರಾವಣ ಹಾಕಿ ಸಕ್ಕರೆ ಪರೀಕ್ಷಿಸುವಾಗ ಪ್ರನಾಳದ ಬಾಯಿ ನಿಮ್ಮ ಕಡೆಗೂ ಗೆಳತಿಯ ಕಡೆಗೂ ಇರಬಾರದು. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕೆ ಹಾಕಬಾರದು. ಕಣ್ಣಿಗೆ ಏನಾದರೂ ಸಿಡಿದರೆ ಹದಿನೈದು ನಿಮಿಷ ಬಿಡದೆ ನೀರು ಹಾಕಿ, ಆಮೇಲೆ ಆಸ್ಪತ್ರೆ.

ಬಾಯಿಯ ವಿಷಯಕ್ಕೆ ಬರುತ್ತೇನೆ. ನಾವು ಓದುವಾಗ ಪಿಪೆಟ್ಟನ್ನು ಬಾಯಿಂದಲೇ ಎಳೆಯುತ್ತಿದ್ದೆವು. ಈಗ ರಬ್ಬರ್ ಬಲ್ಬ್ ಬಂದಿದೆ. ಬಲ್ಬ್ ಹರಿದಿದೆಯೆಂದು ಹಳೆಯ ಪದ್ಧತಿಗೆ ಹೋಗಬೇಡಿ. ಸೋಂಕು ಎಂಥದೆಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. ನಮ್ಮ ಹಿರೇಕೆರೂರು, ಹಾನಗಲ್ಲಿನ ಆಚೆಗೆ ಸೊರಬ. ಅಲ್ಲಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಹಳ್ಳಿಯ ಜನ ಜ್ವರದಿಂದ ಮಲಗಿದರು. 1952ರಲ್ಲಿ ಪುಣೆಯಲ್ಲಿ ಆರಂಭವಾಗಿದ್ದ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಅದು ಉಣುಗು ಕಚ್ಚುವುದರಿಂದ ಬರುವ ಹೊಸ ವೈರಸ್ ಎಂದು ಕಂಡುಹಿಡಿದರು. ಅದೇ ಮಂಗನ ಕಾಯಿಲೆ. ಮುಂದೆ ಆದದ್ದು ಪಠ್ಯಪುಸ್ತಕದಲ್ಲಿ ಇಲ್ಲ. ಕಾಡಿಗೆ ಕಾಲಿಡದೆ ಪ್ರಯೋಗಾಲಯದೊಳಗೆ ಈ ವೈರಸ್ಸಿನೊಂದಿಗೆ ಕೆಲಸ ಮಾಡಿದವರಿಗೂ ಅದೇ ಜ್ವರ ಬಂದಿತು, ಒಬ್ಬಿಬ್ಬರಿಗಲ್ಲ, ಅನೇಕರಿಗೆ. ಅವರು ಕಲಿತವರು, ಎಚ್ಚರವಿದ್ದವರು. ಅಂಥ ವೈರಸ್‌ಗಳಿಗೆಂದೇ ಅತ್ಯುನ್ನತ ಸುರಕ್ಷತೆಯ, ಬಿ.ಎಸ್.ಎಲ್.-4 ಎಂಬ ದರ್ಜೆಯ ಪ್ರಯೋಗಾಲಯ ಪುಣೆಯಲ್ಲಿ ಆರಂಭವಾದದ್ದು 2012ರಲ್ಲಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1978ರಲ್ಲಿ ಜಾನೆಟ್ ಪಾರ್ಕರ್ ಎಂಬ ಛಾಯಾಗ್ರಾಹಕಿ ಸಿಡುಬಿನಿಂದ ತೀರಿಕೊಂಡರು. ಅವರು ವೈರಸ್ ಮುಟ್ಟಿದವರೇ ಅಲ್ಲ, ಸಿಡುಬಿನ ಪ್ರಯೋಗಾಲಯದ ಮೇಲಿನ ಮಹಡಿಯಲ್ಲಿ ಕೆಲಸ ಮಾಡುತ್ತಿದ್ದರು. ಜಗತ್ತಿನಲ್ಲಿ ಸಿಡುಬಿನಿಂದ ಸತ್ತ ಕೊನೆಯ ವ್ಯಕ್ತಿ ಅವರು.

ನಿಮ್ಮ ಕಾಲೇಜಿನಲ್ಲಿ ಅಂಥ ವೈರಸ್ ಇರುವುದಿಲ್ಲ, ಹೆದರಬೇಡಿ. ಆದರೆ ರಕ್ತದ ಗುಂಪು ನೋಡುವ ಪ್ರಯೋಗವಿದೆ. ಒಂದು ಲ್ಯಾನ್ಸೆಟ್ ಒಬ್ಬರಿಗೆ ಮಾತ್ರ. ಸ್ಪಿರಿಟ್‌ನಲ್ಲಿ ಒರೆಸಿ ಮತ್ತೊಬ್ಬರಿಗೆ ಚುಚ್ಚುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೆಪಟೈಟಿಸ್-ಬಿ ವೈರಸ್ ಒಣಗಿದ ರಕ್ತದ ಕಲೆಯಲ್ಲಿಯೂ ಏಳು ದಿನ ಜೀವಂತವಿರಬಲ್ಲದು. ಲ್ಯಾನ್ಸೆಟ್ ಸಾಲದಿದ್ದರೆ ಗುರುಗಳು ಒಬ್ಬರದೇ ರಕ್ತದಲ್ಲಿ ಮಾಡಿ ತೋರಿಸಲಿ. ಅಲ್ಲಿ "ನನಗೆ ಬೇಡ" ಎನ್ನುವ ಹಕ್ಕು ನಿಮಗಿದೆ. ಬಳಸಿದ ಸೂಜಿ, ಬ್ಲೇಡು, ಒಡೆದ ಕವರ್‌ಸ್ಲಿಪ್ ಕಸದ ಬುಟ್ಟಿಗೆ ಹೋಗಬಾರದು, ಗಟ್ಟಿ ಡಬ್ಬಿಯಲ್ಲಿ ಬೇರೆಯಾಗಿರಲಿ. ಬುಟ್ಟಿ ಎತ್ತುವ ಆಯಾ ಅವರ ಕೈಗೂ ನೋವಿದೆ.

ಗಾಜಿನ ಜಾಡಿಗಳಲ್ಲಿರುವ ಹಾವು, ಮೀನುಗಳ ಫಾರ್ಮಲಿನ್ ಬಗ್ಗೆ ಎರಡೇ ಮಾತು. ಅದು ಮನುಷ್ಯನಿಗೆ ಕ್ಯಾನ್ಸರ್ ತರಬಲ್ಲದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ತೀರ್ಮಾನಿಸಿದೆ. ಜಾಡಿಯ ಮುಚ್ಚಳ ತೆರೆಯಬೇಡಿ, ಮೂಸಿ ನೋಡಬೇಡಿ. ಕಪ್ಪೆ ಕೊಯ್ಯುವ ಕಾಲ ಮುಗಿಯಿತು. ಪ್ರಾಣಿ ಛೇದನ ನಿಲ್ಲಿಸಲು ಯು.ಜಿ.ಸಿ. 2014ರಲ್ಲಿ ಕಾಲೇಜುಗಳಿಗೆ ಸೂಚಿಸಿತು. ನನಗೇನೂ ಬೇಸರವಿಲ್ಲ.

ಒಂದು ಮಾತು ಮರೆತಿದ್ದೆ. ಮೊಳಕೆ ಪ್ರಯೋಗಕ್ಕೆ ಮನೆಯಿಂದ ಬೀಜ ತನ್ನಿ ಎಂದರೆ ನಮ್ಮ ಹುಡುಗರು ಹೊಲಕ್ಕೆ ತಂದ ಬಿತ್ತನೆ ಗೋವಿನಜೋಳದ ಪೊಟ್ಟಣವನ್ನೇ ತರುತ್ತಾರೆ. ರಾಣೇಬೆನ್ನೂರು ಬೀಜದ ವ್ಯಾಪಾರಕ್ಕೆ ಹೆಸರಾದ ಊರು, ಬೀಜಕ್ಕೆ ಕೊರತೆಯಿಲ್ಲ. ಆದರೆ ಕೆಂಪು, ಗುಲಾಬಿ ಬಣ್ಣದ ಆ ಬೀಜಕ್ಕೆ ಥೈರಾಮ್‌ನಂಥ ಶಿಲೀಂಧ್ರನಾಶಕ ಸವರಿರುತ್ತದೆ. ಅದನ್ನು ಬರಿಗೈಲಿ ಹಿಡಿದು ಆ ಕೈಯಿಂದಲೇ ಡಬ್ಬಿ ಬಿಚ್ಚಿ ರೊಟ್ಟಿ ತಿನ್ನುವುದನ್ನು ನೋಡಿದ್ದೇನೆ. ಅಡುಗೆ ಮನೆಯ ಕಡಲೆ, ಹೆಸರುಕಾಳು ಸಾಕು. ಪ್ರಯೋಗಾಲಯದಿಂದ ಹೊರಬಂದ ಕೂಡಲೇ ಸೋಪು ಹಾಕಿ ಕೈ ತೊಳೆಯಿರಿ. ಊಟದ ಡಬ್ಬಿ, ನೀರಿನ ಬಾಟಲಿ ಬಾಗಿಲ ಹೊರಗೇ ಇರಲಿ.

ತಂದೆ ತಾಯಂದಿರಲ್ಲಿ ಒಂದು ವಿನಂತಿ. ಕಾಲೇಜಿಗೆ ಹೋದಾಗ ಅಂಕಪಟ್ಟಿಯ ಜೊತೆಗೆ ಪ್ರಯೋಗಾಲಯವನ್ನೂ ನೋಡಿ ಬನ್ನಿ. ಮರಳಿನ ಬಕೀಟು, ಬೆಂಕಿ ಆರಿಸುವ ಸಿಲಿಂಡರು, ನಲ್ಲಿಯಲ್ಲಿ ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಹೊರಕ್ಕೆ ತೆರೆಯುವ ಬಾಗಿಲು ಇವೆಯೇ ಎಂದು ಕೇಳಿ. ಕೇಳಿದರೆ ಮೇಷ್ಟ್ರು ಸಿಟ್ಟಾಗುತ್ತಾರೆಂದು ತಿಳಿಯಬೇಡಿ. ಅಂದು ನನ್ನನ್ನು ಯಾರಾದರೂ ಕೇಳಿದ್ದರೆ ಚೆನ್ನಾಗಿತ್ತು.

ಹಿಂದಿನ ಕೋಣೆಯಲ್ಲಿ ನಾಲ್ಕು ಸ್ಪಿರಿಟ್ ದೀಪಗಳನ್ನು ಇಟ್ಟಿದ್ದೇನೆ. ಚಹಾ ಕುಡಿದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಬಂದು ಹಚ್ಚಿ, ಮುಚ್ಚಳ ಹಾಕಿ ಆರಿಸಿ ತೋರಿಸಬೇಕು. ಹೆಣ್ಣುಮಕ್ಕಳು ಮೊದಲು ಬರಲಿ, ಅವರ ಅಬ್ಬಾಂದಿರು ಪಕ್ಕದಲ್ಲಿ ನಿಂತು ನೋಡಲಿ.